ಮುರುಗಲು ಎಲೆಯೊಳಗೆ ಯಾರಿದ್ದಾರೆ?

ಆಷಾಢದ ಒಂದು ಸಂಜೆ ಶಿರಸಿಯಲ್ಲಿ ಆಡಿದ ಮಾತು ಇದು. ಶುರುವಾಗಿ ಐದು ನಿಮಿಷಕ್ಕೇ ಕರೆಂಟು ಹೋಯಿತು, ಸ್ಲೈಡು ತೋರಿಸುವ ಕಥೆ ಅಲ್ಲಿಗೆ ಮುಗಿಯಿತು. ಮೊಬೈಲ್ ಬೆಳಕಲ್ಲಿ ಬಾಯಿಗೆ ಬಂದ ಹಾಗೆ ಹೇಳಿದ್ದನ್ನು ಈಗ ನೆನಪು ಮಾಡಿಕೊಂಡು ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ತೆಗೆದಿಲ್ಲ, ನನ್ನ ಮಾತಿಗಿಂತ ಅವೇ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ, ಅದೂ ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ, ಬೂಸ್ಟಿನ ಬಗ್ಗೆ ಕೇಳೋಕೆ ಇಷ್ಟು ಜನ ಬರುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಬೂಸ್ಟು ನೋಡೋಕೆ ಯಾರೂ ಮನೆ ಬಿಟ್ಟು ಬರಬೇಕಾಗಿಲ್ಲ. ಚಪ್ಪಲಿ, ಬೆಲ್ಟು, ಕಪಾಟಿನ ರೇಷ್ಮೆ ಸೀರೆ, ಉಪ್ಪು ಕಡಿಮೆ ಬಿದ್ದ ಮಿಡಿ ಉಪ್ಪಿನಕಾಯಿ, ಜೂನ್‌ನಿಂದ ಎಲ್ಲದರ ಮೇಲೂ ಅದೇ. ಆದರೆ ನಾನು ಹೇಳಲು ಬಂದಿರುವುದು ಹೊರಗೆ ಕಾಣುವ ಬೂಸ್ಟಿನ ವಿಷಯ ಅಲ್ಲ. ಗಿಡದ ಒಳಗೆ ಸದ್ದಿಲ್ಲದೆ ಕೂತಿರುವುದರ ವಿಷಯ.

ಈ ಗಾಜಿನ ತಟ್ಟೆ ನೋಡಿ, ಕೈಯಿಂದ ಕೈಗೆ ದಾಟಿಸಿ. ಪೆಟ್ರಿ ತಟ್ಟೆ ಅಂತಾರೆ. ಸುತ್ತ ಟೇಪು ಹಾಕಿದ್ದೇನೆ, ಮುಚ್ಚಳ ಮಾತ್ರ ತೆಗೆಯಬೇಡಿ. ಅಡಿಯಲ್ಲಿರುವುದು ಆಲೂಗಡ್ಡೆ ಬೇಯಿಸಿ ಬಸಿದ ನೀರು, ಸ್ವಲ್ಪ ಗ್ಲೂಕೋಸು, ಜೊತೆಗೆ ಕಡಲ ಪಾಚಿಯಿಂದ ತೆಗೆಯುವ ಅಗರ್ ಅನ್ನುವ ಪುಡಿ. ಕಾಯಿಸಿ ಆರಿಸಿದರೆ ಹಾಲುಬಾಯಿಯ ಹಾಗೆ ಗಟ್ಟಿಯಾಗುತ್ತದೆ. ಈ ಕಟ್ಟಡದ ಹಿಂದೆ ಒಂದು ಮುರುಗಲು ಮರ ಇದೆಯಲ್ಲ, ಒಂಬತ್ತು ದಿನದ ಹಿಂದೆ ಅದರದೇ ಒಂದು ಎಲೆ ಕೊಯ್ದು, ಉಗುರಿನಷ್ಟು ದೊಡ್ಡ ಎಂಟು ತುಂಡು ಮಾಡಿ ಇದರ ಮೇಲೆ ಇಟ್ಟೆ. ಎಲೆ ಚೆನ್ನಾಗಿಯೇ ಇತ್ತು. ಚುಕ್ಕೆ ಇಲ್ಲ, ಹುಳ ತಿಂದಿಲ್ಲ, ಕಡು ಹಸಿರು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಕತ್ತರಿಸಿದ ಅಂಚಿನಿಂದ ಬಿಳಿ ಕೂದಲಿನಂಥದ್ದು ಹಣಕಿತು. ಈಗ ಎಂಟರಲ್ಲಿ ಆರು ತುಂಡಿಗೆ ಬಂದಿದೆ.

ಎಡಗಡೆಯದು ಅರಳೆಯ ಹಾಗೆ ಉಬ್ಬಿದೆ. ಪಕ್ಕದ್ದು ಬೂದಿ ಬಣ್ಣ, ತಟ್ಟೆ ಮಗುಚಿ ನೋಡಿದರೆ ಅಡಿಯಲ್ಲಿ ಕಪ್ಪು. ಎಲೆಯ ನಡುನರದ ತುಂಡಿನಿಂದ ಬಂದದ್ದು ಮಾತ್ರ ಸಣ್ಣದು, ಅರಿಶಿನ ಬಣ್ಣದ್ದು, ಬಹಳ ನಿಧಾನ. ನೀವು ನೋಡಬೇಕಾದ್ದು ಅದನ್ನೇ. ಬಿಳಿಯದು ಸಿಕ್ಕ ಕಡೆಯೆಲ್ಲ ಹರಡಿದೆ, ಆದರೆ ಈ ಅರಿಶಿನದ್ದರ ಹತ್ತಿರ ಬಂದಾಗ ನಿಂತುಬಿಟ್ಟಿದೆ. ಎರಡರ ನಡುವೆ ಒಂದು ಅಕ್ಕಿಕಾಳಿನಷ್ಟು ಅಗಲ ಖಾಲಿ ಜಾಗ. ಬೇಲಿ ಇಲ್ಲ, ಅಗಳ ಇಲ್ಲ, ಆದರೂ ದಾಟಿಲ್ಲ. ಅರಿಶಿನದ್ದು ಏನನ್ನೋ ಸುರಿದಿದೆ, ಅದು ಅಗರ್‌ನಲ್ಲಿ ಇಂಗಿ ಅಲ್ಲಿಯವರೆಗೆ ಬಂದಿದೆ ಅಂತ ಇದನ್ನು ನೋಡಿದವರು ಊಹೆ ಮಾಡುತ್ತಾರೆ.

ಇಲ್ಲಿ ಮುಂದೆ ಕೂತ ಹಿರಿಯರೊಬ್ಬರು ಕೇಳಿದರು: "ತಮಾ, ಅದು ಎಲೆ ಮೇಲಿನ ಧೂಳಿಂದ ಬಂದಿದ್ದಲ್ಲ ಅಂತ ಹೇಗೆ ಹೇಳ್ತೆ?"

ಸರಿಯಾದ ಪ್ರಶ್ನೆ. ಈ ಕೆಲಸದ ಅರ್ಧ ಮರ್ಯಾದೆ ಇರುವುದೇ ಅದಕ್ಕೆ ಕೊಡುವ ಉತ್ತರದಲ್ಲಿ. ಎಲೆಯನ್ನು ಮೊದಲು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆಯುತ್ತೇವೆ. ಆಮೇಲೆ ನೂರಕ್ಕೆ 70 ಭಾಗ ಇರುವ ಆಲ್ಕೋಹಾಲಿನಲ್ಲಿ ಒಂದು ನಿಮಿಷ. ಅಲ್ಲಿಂದ ಬ್ಲೀಚು, ಅಂದರೆ ಬಟ್ಟೆ ಬಿಳಿ ಮಾಡುವ ಸೋಡಿಯಂ ಹೈಪೋಕ್ಲೋರೈಟು, ಅದರಲ್ಲಿ ಎರಡು ಮೂರು ನಿಮಿಷ. ಮತ್ತೆ ಆಲ್ಕೋಹಾಲಿನಲ್ಲಿ ಅರ್ಧ ನಿಮಿಷ. ಕೊನೆಗೆ ಕುದಿಸಿ ಶುದ್ಧ ಮಾಡಿದ ನೀರಲ್ಲಿ ಮೂರು ಸಲ. ಹೊರಗಿದ್ದವರೆಲ್ಲ ಸತ್ತರು ಅಂತ ಅಂದುಕೊಂಡರೆ ಸಾಲದು, ತೋರಿಸಬೇಕು. ಅದಕ್ಕೆ ಕೊನೆಯ ಸಲ ತೊಳೆದ ನೀರನ್ನೇ ಇನ್ನೊಂದು ತಟ್ಟೆಗೆ ಹಾಕುತ್ತೇವೆ. ತೊಳೆದ ಎಲೆಯನ್ನೂ ಮತ್ತೊಂದು ತಟ್ಟೆಯ ಮೇಲೆ ಮೊಹರು ಒತ್ತಿದ ಹಾಗೆ ಒತ್ತಿ ತೆಗೆಯುತ್ತೇವೆ. ಆ ಎರಡರಲ್ಲೂ ಏನೂ ಬೆಳೆಯದೆ ಎಲೆ ತುಂಡಿನಿಂದ ಮಾತ್ರ ಬಂದರೆ, ಅದು ಒಳಗಿದ್ದದ್ದು. ಬೆಳೆದರೆ ಪೂರ್ತಿ ಬಿಸಾಕಿ ಮತ್ತೆ ಮೊದಲಿಂದ. ನಾನು ಎಷ್ಟು ಸಲ ಬಿಸಾಕಿದ್ದೇನೆ ಅಂತ ಕೇಳಬೇಡಿ.

ಹೀಗೆ ಗಿಡದ ಒಳಗೆ, ಗಿಡಕ್ಕೆ ಕಾಯಿಲೆ ತರದೆ ಬದುಕುವವಕ್ಕೆ ಎಂಡೋಫೈಟ್ ಅಂತ ಹೆಸರು. ಜರ್ಮನಿಯ ಆಂಟನ್ ಡಿ ಬ್ಯಾರಿ 1866ರಲ್ಲೇ ಈ ಪದ ಬಳಸಿದ. ನಾನು ಒಳವಾಸಿ ಅಂತೀನಿ, ಬಾಯಿಗೆ ಸಲೀಸು. ಒಳವಾಸಿ ಇಲ್ಲದ ಗಿಡ ಹುಡುಕಿ ಅಂದರೆ ಕಷ್ಟ. ಹುಡುಕಿದ ಗಿಡದಲ್ಲೆಲ್ಲ ಸಿಕ್ಕಿದೆ: ಹುಲ್ಲು, ಪಾಚಿ, ಜರಿಗಿಡ, ಮಾವು, ಅಳಿವೆಯ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ. ಪನಾಮಾದ ಕಾಡಿನಲ್ಲಿ ಎಲಿಜಬೆತ್ ಆರ್ನಾಲ್ಡ್ ಮತ್ತು ಜೊತೆಯವರು ಎರಡೇ ಎರಡು ಜಾತಿಯ ಮರಗಳಿಂದ 83 ಎಲೆ ತಂದು ಬೆಳೆಸಿ ನೋಡಿದರು. ರೂಪದಿಂದ ಬೇರೆ ಬೇರೆ ಅನ್ನಿಸಿದ 418 ಬಗೆಯ ಶಿಲೀಂಧ್ರಗಳು ಸಿಕ್ಕವು. 2000ನೇ ಇಸವಿಯಲ್ಲಿ ಅದು ಪ್ರಕಟವಾಯಿತು. ಈಗ ನಮ್ಮ ಕತ್ತಲೆಕಾನನ್ನು, ಅಲ್ಲಿಯ ರಾಮಪತ್ರೆ ಜಡ್ಡಿಯನ್ನು ನೆನೆಸಿಕೊಳ್ಳಿ. ಅಲ್ಲಿ ಎಷ್ಟು ಜಾತಿಯ ಮರ, ಒಂದೊಂದಕ್ಕೆ ಎಷ್ಟು ಎಲೆ. ನನಗೆ ತಲೆ ತಿರುಗುತ್ತದೆ.

ಮರದ ಚಿಗುರೆಲೆ ಹುಟ್ಟುವಾಗ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಗಾಳಿಯಲ್ಲಿ ತೇಲುವ ಬೀಜಕಣಗಳು ಬಂದು ಕೂರುತ್ತವೆ, ಮಳೆ ಹನಿ, ಇಬ್ಬನಿ ಸಿಕ್ಕರೆ ಮೊಳೆತು ಒಳಗೆ ನುಗ್ಗುತ್ತವೆ. ಎಲೆ ಬಲಿತಷ್ಟೂ ಒಳಗೆ ಜನ ಜಾಸ್ತಿ. ಹುಲ್ಲಿನಲ್ಲಿ ಕೆಲವು ಜಾತಿಗಳ ದಾರಿ ಬೇರೆ, ಬೀಜದ ಮೂಲಕ ತಾಯಿಯಿಂದ ಮಗಳಿಗೆ ಬರುತ್ತವೆ. ಅಮೆರಿಕದಲ್ಲಿ ಫೆಸ್ಕ್ಯು ಅನ್ನುವ ಹುಲ್ಲು ಮೇಯ್ದ ದನಗಳ ಗೊರಸು, ಬಾಲದ ತುದಿ ಕೊಳೆಯುತ್ತಿದ್ದದ್ದಕ್ಕೆ ಹುಲ್ಲೊಳಗಿನ ಶಿಲೀಂಧ್ರವೇ ಕಾರಣ ಅಂತ 1977ರಲ್ಲಿ ಗೊತ್ತಾಯಿತು. ಹುಲ್ಲಿನ ಪಾಲಿಗೆ ಅದು ಕಾವಲುಗಾರ, ದನದ ಪಾಲಿಗೆ ವಿಷ. ಹಾಗಾಗಿ ಒಳವಾಸಿ ಅಂದಕೂಡಲೆ ಸಾಧು ಅಂದುಕೊಳ್ಳಬೇಡಿ. ಇಲ್ಲಿ ತೆಪ್ಪಗಿರುವ ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರದ ಬಳಗದವರೇ ಇನ್ನೊಂದು ಗಿಡದಲ್ಲಿ ಚಿಬ್ಬು ರೋಗ ತರುತ್ತಾರೆ. ಇನ್ನು ಕೆಲವು ಎಲೆ ಉದುರುವುದನ್ನೇ ಕಾಯುತ್ತಾ ಕೂತಿರುತ್ತವೆ. ಉದುರಿತೋ, ತಿನ್ನಲು ಮೊದಲ ಪಂಕ್ತಿಯಲ್ಲಿ ಅವೇ.

ಈಗ ಆ ಅಕ್ಕಿಕಾಳಿನ ಜಾಗಕ್ಕೆ ಬರೋಣ. ಎಲೆಯ ಒಳಗೆ ಶಿಲೀಂಧ್ರ ಒಂದೇ ಇಲ್ಲ, ಬ್ಯಾಕ್ಟೀರಿಯಾ ಕೂಡ ಇವೆ. ಜಾಗ ಕಡಿಮೆ, ಸಕ್ಕರೆ ಕಡಿಮೆ, ಬಾಯಿ ಜಾಸ್ತಿ. ಶಿಲೀಂಧ್ರಕ್ಕೆ ಓಡಿ ಹೋಗಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಅದರ ಹತ್ತಿರ ಇರುವುದು ರಸಾಯನ ಒಂದೇ. ಪಕ್ಕದವನು ಬೆಳೆಯದ ಹಾಗೆ ಏನಾದರೂ ಸುರಿಯುತ್ತದೆ. ನಮಗೆ ಔಷಧಿ ಮಾಡಿಕೊಡಬೇಕು ಅಂತ ಯಾವ ಬೂಸ್ಟೂ ಹುಟ್ಟಿಲ್ಲ.

ಪೆನ್ಸಿಲಿನ್ ಕಥೆ ನಿಮಗೆಲ್ಲ ಗೊತ್ತು, 1928, ಫ್ಲೆಮಿಂಗ್, ತಟ್ಟೆಗೆ ಬಿದ್ದ ಬೂಸ್ಟು. ಶಾಲೆ ಪುಸ್ತಕದಲ್ಲಿ ಅಲ್ಲಿಗೇ ನಿಲ್ಲಿಸುತ್ತಾರೆ. ಆ ಬೂಸ್ಟು ಔಷಧಿಯಾಗಲು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಇವರೆಲ್ಲ ಬರಬೇಕಾಯಿತು, ಇಲಿಗಳ ಮೇಲೆ ನೋಡುವ ಹೊತ್ತಿಗೆ 1940 ಆಗಿತ್ತು. ಹನ್ನೆರಡು ವರ್ಷ! ನನಗೆ ಅದಕ್ಕಿಂತ ಇಷ್ಟವಾದ ಕಥೆ ಇಟಲಿಯ ಸಾರ್ಡೀನಿಯಾ ದ್ವೀಪದ್ದು, ಬಹುಶಃ ನಾನು ಕುಮಟಾ ಕಡೆಯವನು ಅನ್ನುವ ಕಾರಣಕ್ಕೆ, ಕಡಲ ಕಥೆ ಅಂದರೆ ಒಂದು ಕಿವಿ ಆಚೆ ಹೋಗುತ್ತದೆ. ಅಲ್ಲಿ ಕಾಲ್ಯಾರಿ ಪಟ್ಟಣದಲ್ಲಿ ಜುಸೆಪ್ಪೆ ಬ್ರೋಟ್ಸು ಅಂತ ಒಬ್ಬ ವೈದ್ಯ. 1945ರಲ್ಲಿ, ಊರಿನ ಚರಂಡಿ ನೀರು ಸಮುದ್ರ ಸೇರುವ ಜಾಗದಿಂದ ನೀರು ತಂದು ಒಂದು ಶಿಲೀಂಧ್ರ ಬೆಳೆಸಿದ. ಅದರ ರಸ ಟೈಫಾಯಿಡ್ ಬ್ಯಾಕ್ಟೀರಿಯಾವನ್ನೂ ತಡೆಯುತ್ತಿತ್ತು. ದುಡ್ಡಿಲ್ಲ, ಲ್ಯಾಬ್ ಇಲ್ಲ. 1948ರಲ್ಲಿ ತಾನೇ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ, ಆ ಶಿಲೀಂಧ್ರ ಕೊನೆಗೆ ಆಕ್ಸ್‌ಫರ್ಡಿಗೆ ಹೋಯಿತು. ಅಲ್ಲಿ ಅಬ್ರಹಾಂ ಮತ್ತು ನ್ಯೂಟನ್ ಅನ್ನುವ ಇಬ್ಬರು ಅದರಿಂದ ಸೆಫಲೋಸ್ಪೋರಿನ್ ಸಿ ಅನ್ನುವ ವಸ್ತು ತೆಗೆದರು. ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಸೆಫಿಕ್ಸಿಮ್ ಇದೆಯಾ? ಆಸ್ಪತ್ರೆಯಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ? ಎಲ್ಲ ಆ ಚರಂಡಿ ಬಾಯಿಯ ಮೊಮ್ಮಕ್ಕಳು. ಗಾಯಕ್ಕೆ ಹಚ್ಚುವ ಫ್ಯೂಸಿಡಿಕ್ ಆಸಿಡ್ ಮುಲಾಮೂ ಶಿಲೀಂಧ್ರದ್ದೇ, ಡೆನ್ಮಾರ್ಕಿನಿಂದ 1962ರಲ್ಲಿ ಬಂತು.

ಇವು ಯಾವುವೂ ಗಿಡದೊಳಗಿಂದ ಸಿಕ್ಕವಲ್ಲ. ಗಿಡದೊಳಗೆ ಹುಡುಕುವುದು ಜೋರಾಗಿದ್ದು ಈಚೆಗೆ. ಬೇವಿನ ಬೇರಿನೊಳಗಿದ್ದ ಕ್ಲೋರಿಡಿಯಂ ಅನ್ನುವ ಶಿಲೀಂಧ್ರದಿಂದ ಜಾವನಿಸಿನ್ ಅನ್ನುವ ಕೆಂಪು ವಸ್ತು ಸಿಕ್ಕಿತು. 2009ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅಮೆರಿಕದವರ ಜೊತೆ ಸೇರಿ ಹೇಳಿದ್ದು, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಂಡುರಾಸಿನ ಒಂದು ದಾಲ್ಚಿನ್ನಿ ಮರದೊಳಗೆ ಮಸ್ಕೋಡರ್ ಆಲ್ಬಸ್ ಅಂತ ಒಂದು ಸಿಕ್ಕಿತು, ಅದು ಇನ್ನೂ ವಿಚಿತ್ರ. ರಸ ಅಲ್ಲ, ಗಾಳಿ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದರ ಜೊತೆ ಇಟ್ಟ ಬೇರೆ ಎಷ್ಟೋ ಶಿಲೀಂಧ್ರ, ಬ್ಯಾಕ್ಟೀರಿಯಾ ಮುಟ್ಟದೆಯೇ ಸಾಯುತ್ತವೆ. ದಾಲ್ಚಿನ್ನಿ ನಮ್ಮ ಬೆಟ್ಟದಲ್ಲೂ ಇದೆ, ಪಲಾವಿಗೆ ಎಲೆ ಕೊಯ್ಯುವಾಗ ನೆನಪಾಗಲಿ.

ಹೀಗೆ ಕೇಳುತ್ತಾ ಹೋದರೆ ಎಲೆ ಎಲೆಯಲ್ಲೂ ಔಷಧಿ ಅನ್ನಿಸುತ್ತದೆ, ಅಲ್ವಾ? ಪೇಪರಿನಲ್ಲಿ ಬರುವುದೂ ಹಾಗೇ. ಇಂಥ ಗಿಡದಲ್ಲಿ ಸೂಪರ್‌ಬಗ್, ಅಂದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ, ಕೊಲ್ಲುವ ಶಿಲೀಂಧ್ರ ಪತ್ತೆ! ನಾನು ಇಲ್ಲಿ ಸ್ವಲ್ಪ ತಣ್ಣೀರು ಎರಚಬೇಕು. ಗಿಡದೊಳಗಿನ ಶಿಲೀಂಧ್ರದಲ್ಲಿ ಹುಡುಕಿ ತೆಗೆದ ಬ್ಯಾಕ್ಟೀರಿಯಾ ನಾಶಕ ಒಂದೂ ಇವತ್ತಿನವರೆಗೆ ಮೆಡಿಕಲ್ ಶಾಪಿನ ಶೆಲ್ಫಿಗೆ ಬಂದಿಲ್ಲ. ಯಾಕೆ ಅನ್ನುವುದನ್ನು ನನ್ನದೇ ಒಂದು ಪೆದ್ದುತನದಿಂದ ಶುರು ಮಾಡುತ್ತೇನೆ.

ವಿದ್ಯಾರ್ಥಿಯಾಗಿದ್ದಾಗಿನ ಮಾತು. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆ ಇಳಿತದ ಹೊತ್ತಿಗೆ ಮೊಣಕಾಲವರೆಗೆ ಕೆಸರಲ್ಲಿ ನಿಂತು ಕಾಂಡ್ಲಾ ಎಲೆ ತಂದಿದ್ದೆ. ಉಪ್ಪು ನೀರು, ಬಿಸಿಲು, ದಿನಕ್ಕೆರಡು ಸಲ ಭರತ, ಇಂಥ ಜಾಗದಲ್ಲಿ ಬದುಕುವ ಒಳವಾಸಿಯ ಕೈಯಲ್ಲಿ ಏನೋ ಇರಲೇಬೇಕು ಅನ್ನುವ ನಂಬಿಕೆ. ಎಲೆಯಿಂದ ಕಪ್ಪಗೆ ಒಂದು ಬಂತು. ಅದು ಬೆಳೆದ ಅಗರ್‌ನಿಂದ ಒಂದು ಬಿಲ್ಲೆ ಕೊರೆದು, ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಬಿಲ್ಲೆಯ ಸುತ್ತ ಕನ್ನಡಿ ಹಾಗೆ ತಿಳಿಯಾದ ವೃತ್ತ. ಬ್ಯಾಕ್ಟೀರಿಯಾದ ಸುಳಿವೇ ಇಲ್ಲ. ಸ್ಕೇಲ್ ಇಟ್ಟು ಅಳೆದೆ, 22 ಮಿಲಿಮೀಟರ್. ಆ ಸಂಜೆ ಲ್ಯಾಬಿನವರಿಗೆಲ್ಲ ಬನ್ಸ್ ಕೊಡಿಸಿದೆ. ಮನೆಗೆ ಫೋನ್ ಮಾಡಿ ಆಯಿಗೂ ಹೇಳಿದೆ, ಅವಳಿಗೆ ಅರ್ಥವಾಗಿದ್ದು ಮಗ ಏನೋ ಗೆದ್ದಿದ್ದಾನೆ ಅಂತ ಅಷ್ಟೆ.

ಹದಿನೈದು ದಿನ ಹಾರಾಡಿದ ಮೇಲೆ ನನ್ನ ಸೀನಿಯರ್ ಅಕ್ಕ ಒಬ್ಬರು ಒಂದೇ ಮಾತು ಕೇಳಿದರು, "ಶಿಲೀಂಧ್ರ ಇಲ್ಲದ ಖಾಲಿ ಬಿಲ್ಲೆ ಇಟ್ಟು ನೋಡಿದ್ಯಾ?" ನೋಡಿರಲಿಲ್ಲ. ಇಟ್ಟೆ. ಖಾಲಿ ಬಿಲ್ಲೆಯ ಸುತ್ತಲೂ ಅಷ್ಟೇ ದೊಡ್ಡ ವೃತ್ತ! ಆಗಿದ್ದಿಷ್ಟು. ಎಲೆಯಿಂದ ಶಿಲೀಂಧ್ರ ಬರುವಾಗ ಬ್ಯಾಕ್ಟೀರಿಯಾ ಬಂದು ಮುಚ್ಚಿಹಾಕದಿರಲಿ ಅಂತ ಮೊದಲ ತಟ್ಟೆಯ ಅಗರ್‌ಗೆ ನಾವೇ ಕ್ಲೋರಂಫೆನಿಕಾಲ್ ಅನ್ನುವ ಆಂಟಿಬಯಾಟಿಕ್ ಬೆರೆಸಿರುತ್ತೇವೆ. ಶಿಲೀಂಧ್ರಕ್ಕೆ ಅದು ತಾಗುವುದಿಲ್ಲ. ನಾನು ಬೇರೆ ಶುದ್ಧ ತಟ್ಟೆಗೆ ದಾಟಿಸದೆ, ಅವಸರದಲ್ಲಿ ಅದೇ ತಟ್ಟೆಯಿಂದ ಬಿಲ್ಲೆ ಕೊರೆದಿದ್ದೆ. ಕೊಂದದ್ದು ಕಾಂಡ್ಲಾ ಅಲ್ಲ, ಬಾಟಲಿ. ಬನ್ಸಿನ ದುಡ್ಡು ದಂಡ.

ತಪ್ಪು ಮಾಡದೆ ಇದ್ದರೂ ಆ ವೃತ್ತವನ್ನು ನಂಬುವುದು ಕಷ್ಟ. ದೊಡ್ಡ ವೃತ್ತ ಅಂದರೆ ಬಲವಾದ ಔಷಧಿ ಅಂತಲ್ಲ, ಅಗರ್‌ನಲ್ಲಿ ಸಲೀಸಾಗಿ ಹರಡುವ ವಸ್ತು ಅಂತಲೂ ಆಗಬಹುದು. ಅದಕ್ಕೇ ಬೇರೆ ಅಳತೆ ಇದೆ: ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರ್ ನೀರಿಗೆ ಕನಿಷ್ಠ ಎಷ್ಟು ವಸ್ತು ಬೇಕು ಅನ್ನುವುದು. ಪೆನ್ಸಿಲಿನ್‌ಗೆ ಸೋಲುವ ಸ್ಟೆಫಿಲೋಕಾಕಸ್ಸಿಗೆ ಒಂದು ಮೈಕ್ರೋಗ್ರಾಂ ಕೂಡ ಬೇಡ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ. ನಮ್ಮ ಎಷ್ಟೋ ಕಚ್ಚಾ ಸಾರಗಳಿಗೆ ಐನೂರು, ಸಾವಿರ ಬೇಕು. ಅಷ್ಟು ಹಾಕಿದರೆ ಬಹಳ ವಸ್ತುಗಳು ಕೊಲ್ಲುತ್ತವೆ, ಲವಂಗದೆಣ್ಣೆಯೂ ಕೊಲ್ಲುತ್ತದೆ. ಕೊಲ್ಲುವುದು ದೊಡ್ಡದಲ್ಲ, ನಮ್ಮನ್ನು ಬಿಟ್ಟು ಅದನ್ನು ಮಾತ್ರ ಕೊಲ್ಲಬೇಕು. ಬ್ಲೀಚು ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಯಾರಾದರೂ ಕುಡಿಯುತ್ತಾರಾ? ಪೆನ್ಸಿಲಿನ್ ಗೆದ್ದದ್ದು ಇದೇ ಕಾರಣಕ್ಕೆ. ಅದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ಗೋಡೆ ಸಡಿಲಾಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಆ ಗೋಡೆಯೇ ಇಲ್ಲ. ಒಳವಾಸಿಗಳಿಂದ ಬಂದ ಎಷ್ಟೋ ವಸ್ತುಗಳಿಗೆ ಈ ವಿವೇಕ ಇಲ್ಲ, ಬ್ಯಾಕ್ಟೀರಿಯಾದ ಜೊತೆ ನಮ್ಮ ಜೀವಕೋಶಗಳನ್ನೂ ಮುಗಿಸುತ್ತವೆ.

ಇನ್ನೊಂದು ತೊಡಕಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ರುಚಿಯಾದ್ದು, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ಕೂರುತ್ತೇನೆ.

ನಮ್ಮ ಘಟ್ಟದಲ್ಲಿ ದುರ್ವಾಸನೆ ಮರ ಅಂತ ಇದೆ, ಹೂ ಬಿಟ್ಟಾಗ ಹತ್ತಿರ ಹೋದರೆ ಹೆಸರು ಯಾಕೆ ಬಂತು ಅಂತ ತಿಳಿಯುತ್ತದೆ. ಅದರಲ್ಲಿ ಕ್ಯಾಂಪ್ಟೋಥೆಸಿನ್ ಇದೆ, ಕ್ಯಾನ್ಸರ್ ಔಷಧಿಗಳಿಗೆ ಮೂಲ ವಸ್ತು. ಬ್ಯಾಕ್ಟೀರಿಯಾದ ಔಷಧಿ ಅಲ್ಲ, ಆದರೂ ಕಥೆ ಇಲ್ಲಿಗೆ ಬೇಕು. ಈ ವಸ್ತುವನ್ನು ಮೊದಲು ಚೀನಾದ ಒಂದು ಮರದಿಂದ 1966ರಲ್ಲಿ ತೆಗೆದರು. ಆಮೇಲೆ ನಮ್ಮ ದುರ್ವಾಸನೆ ಮರದಲ್ಲಿ ಅದು ಇನ್ನೂ ಜಾಸ್ತಿ ಇದೆ ಅಂತ ಗೊತ್ತಾಯಿತು, ಗೊತ್ತಾದ ಮೇಲೆ ಮರಕ್ಕೆ ಕೊಡಲಿ ಬಿತ್ತು. ಆ ಮರದ ಒಳವಾಸಿ ಶಿಲೀಂಧ್ರಗಳೂ ಅದೇ ವಸ್ತು ಮಾಡುತ್ತವೆ ಅಂತ 2005ರಲ್ಲಿ ವರದಿ ಬಂದಾಗ ಎಲ್ಲರಿಗೂ ಖುಷಿ. ಮರ ಕಡಿಯುವುದೇ ಬೇಡ, ಡ್ರಮ್ಮಿನಲ್ಲಿ ಬೂಸ್ಟು ಬೆಳೆಸಿದರೆ ಆಯಿತು! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರೂ ಇದರ ಮೇಲೆ ಬಹಳ ಕೆಲಸ ಮಾಡಿದರು. ಆದರೆ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಹೋದ ಹಾಗೆ ಶಿಲೀಂಧ್ರ ಆ ವಸ್ತು ಮಾಡುವುದನ್ನು ಕಡಿಮೆ ಮಾಡುತ್ತಾ ಬಂತು. ಕೆಲವೇ ಪೀಳಿಗೆಯಲ್ಲಿ ಬಹುತೇಕ ನಿಂತೇಹೋಯಿತು. ಶಿಲೀಂಧ್ರ ಸತ್ತಿಲ್ಲ, ಸೊರಗಿಯೂ ಇಲ್ಲ. ಚೆನ್ನಾಗಿ ತಿಂದುಕೊಂಡು ಬೆಳೆಯುತ್ತದೆ. ಆ ಒಂದು ಕೆಲಸ ಮಾತ್ರ ಬಿಟ್ಟಿದೆ.

ಚೀನಾದ ಮರದ ಒಳವಾಸಿಯಲ್ಲೂ ಹೀಗೇ ಆಯಿತು. ಯಾಕೆ ಅಂತ ಅದರ ಜೀನ್‌ಗಳನ್ನು ಕೆದಕಿದವರಿಗೆ 2011ರ ಹೊತ್ತಿಗೆ ಒಂದು ತಮಾಷೆ ಸಿಕ್ಕಿತು. ಆ ವಸ್ತು ತಯಾರಾಗಲು ಬೇಕಾದ ಹಂತಗಳಲ್ಲಿ ಕೆಲವಕ್ಕೆ ಶಿಲೀಂಧ್ರದ ಹತ್ತಿರ ಸ್ವಂತ ಕಿಣ್ವ ಇದೆ, ನಡುವಿನ ಒಂದು ಮುಖ್ಯ ಹಂತಕ್ಕೆ ಇಲ್ಲ. ಅದಕ್ಕೆ ಮರದ ಕಿಣ್ವವನ್ನೇ ಬಳಸಿಕೊಳ್ಳುತ್ತಿತ್ತು. ಪಕ್ಕದ ಮನೆಯ ಒರಳಲ್ಲಿ ದಿನಾ ದೋಸೆ ಹಿಟ್ಟು ರುಬ್ಬಿಕೊಳ್ಳುತ್ತಿದ್ದವರನ್ನು ಬೇರೆ ಊರಿಗೆ ಕರೆದುಕೊಂಡು ಹೋಗಿ ದೋಸೆ ಎರೆಯಿರಿ ಅಂದ ಹಾಗೆ. ಕಾವಲಿ ಇದೆ, ಒಲೆ ಇದೆ, ಒರಳಿಲ್ಲ.

ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳ ಪಾಡೂ ಬೇರೆಯಲ್ಲ. ಒಂದು ಶಿಲೀಂಧ್ರದ ಜೀನ್ ಪೂರ್ತಿ ಓದಿದರೆ ಇಂಥ ವಸ್ತು ಮಾಡುವ ಹತ್ತಾರು ಜೀನ್ ಗೊಂಚಲು ಕಾಣುತ್ತವೆ, ತಟ್ಟೆಯಲ್ಲಿ ಬೆಳೆಸಿದಾಗ ಅವುಗಳಲ್ಲಿ ಹೆಚ್ಚಿನವು ಮಲಗಿರುತ್ತವೆ. ಮಲಗದೆ ಇನ್ನೇನು ಮಾಡುತ್ತವೆ? ಆಲೂಗಡ್ಡೆ ನೀರಿದೆ, ಸಕ್ಕರೆ ಇದೆ, ಶತ್ರು ಇಲ್ಲ. ಕತ್ತಿ ಮಸೆಯುವ ದರ್ದೇನು? ಹಾಗಾಗಿ ಈಗ ಶತ್ರುವನ್ನೇ ತಂದು ಪಕ್ಕದಲ್ಲಿ ಕೂರಿಸುತ್ತಾರೆ. ಆಸ್ಪರ್ಜಿಲಸ್ ನಿಡುಲನ್ಸ್ ಅನ್ನುವ ಶಿಲೀಂಧ್ರದ ಜೊತೆ ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಬೆಳೆಸಿ ನೋಡಿದರು, 2009ರಲ್ಲಿ. ಬ್ಯಾಕ್ಟೀರಿಯಾ ಮೈಗೆ ಮೈ ತಾಗಿದಾಗ ಶಿಲೀಂಧ್ರದ ಮಲಗಿದ್ದ ಗೊಂಚಲೊಂದು ಎದ್ದಿತು. ಬ್ಯಾಕ್ಟೀರಿಯಾದ ರಸ ಮಾತ್ರ ಹಾಕಿದರೆ ಏಳಲಿಲ್ಲ, ಮೈ ತಾಗಲೇಬೇಕಿತ್ತು. ಒಂಟಿಯಾಗಿ ಸಾಕಿದರೆ ಬೂಸ್ಟೂ ಸೋಮಾರಿ.

ಈ ತಟ್ಟೆಯ ಅಕ್ಕಿಕಾಳಿನ ಜಾಗ ನೋಡಿ ನನಗೆ ಖುಷಿಯಾಗುವುದು ಅದಕ್ಕೇ. ಇದು ಮುರುಗಲಿನಿಂದ ಹೊರಬಂದ ಮೊದಲ ಪೀಳಿಗೆ, ಪಕ್ಕದಲ್ಲಿ ಇನ್ನೂ ಹಳೇ ನೆರೆಮನೆಯವರು ಇದ್ದಾರೆ. ಇದೇ ಅರಿಶಿನದ್ದನ್ನು ಬೇರೆ ಮಾಡಿ ಆರು ತಿಂಗಳು ಒಂಟಿಯಾಗಿ ಬೆಳೆಸಿದರೆ ಈ ಗೆರೆ ಉಳಿಯುತ್ತದೆ ಅಂತ ನಾನು ಬಾಜಿ ಕಟ್ಟುವುದಿಲ್ಲ.

ಹೊಸ ಔಷಧಿ ಬೇಕೋ ಅಂದರೆ ತುರ್ತಾಗಿ ಬೇಕು. 2019 ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ನೇರ ಕಾರಣದಿಂದ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಅಂತ ಅಂದಾಜು. ಪೆನ್ಸಿಲಿನ್‌ಗೆ ನೊಬೆಲ್ ತೆಗೆದುಕೊಂಡ 1945ರಲ್ಲೇ ಫ್ಲೆಮಿಂಗ್ ಕಡಿಮೆ ಡೋಸ್ ತೆಗೆದುಕೊಂಡು ಬ್ಯಾಕ್ಟೀರಿಯಾಕ್ಕೆ ಪಾಠ ಕಲಿಸಬೇಡಿ ಅನ್ನುವ ಅರ್ಥದ ಎಚ್ಚರಿಕೆ ಕೊಟ್ಟಿದ್ದ. ಐದು ದಿನದ ಮಾತ್ರೆಯನ್ನು ಎರಡು ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಬೇಡ.

ಪ್ರಶ್ನೆಗಳ ಹೊತ್ತಿಗೆ ಮಳೆ ಎಷ್ಟು ಜೋರಾಯಿತು ಅಂದರೆ ಹಂಚಿನ ಸದ್ದಿಗೆ ಕೂಗಿಕೊಂಡೇ ಮಾತಾಡಬೇಕಾಯಿತು. ಮೊದಲನೆಯದು ಅಡಿಕೆಯದೇ. "ಹಂಗಾರೆ ಕೊಳೆಗೆ ಈ ಒಳವಾಸಿ ಬಿಟ್ಟರೆ ಸಾಕಾ? ಮೈಲುತುತ್ತು ಬ್ಯಾಡದಾ?"

ಬೇಕು. ದಯವಿಟ್ಟು ನನ್ನ ಮಾತು ಕೇಳಿ ಸ್ಪ್ರೇ ನಿಲ್ಲಿಸಬೇಡಿ. ಕೊಳೆ ರೋಗ ತರುವ ಫೈಟೊಫ್ತೊರಾ ನೋಡಲು ಬೂಸ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲ, ಬೇರೆಯೇ ಕುಲ. ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮರ ಹತ್ತುವ ನಿಮ್ಮ ಕೊನೆಗೌಡರು ಇವತ್ತಿಗೂ ಹೊಡೆಯುವುದು ಅದನ್ನೇ. ಆದರೆ ನಿಮ್ಮ ಪ್ರಶ್ನೆ ಪೂರ್ತಿ ಗಾಳಿಯಲ್ಲಿಲ್ಲ. ಆಗ ಹೇಳಿದ ಪನಾಮಾದವರೇ ಕೋಕೋ ಸಸಿಯ ಕೆಲವು ಎಲೆಗೆ ಒಳವಾಸಿಗಳನ್ನು ಹೊಗಿಸಿ, ಕೆಲವನ್ನು ಖಾಲಿ ಬಿಟ್ಟು, ಎಲ್ಲಕ್ಕೂ ಫೈಟೊಫ್ತೊರಾ ಅಂಟಿಸಿ ನೋಡಿದರು. ಒಳವಾಸಿ ಇದ್ದ ಎಲೆ ಕಡಿಮೆ ಹಾಳಾಯಿತು. ಅದು ಕೋಕೋ, ಅದು ಎಲೆ. ನಿಮ್ಮದು ಅಡಿಕೆ, ಅದೂ ಕಾಯಿ, ಅದೂ ಶಿರಸಿ ಮಳೆ.

ಒಬ್ಬರು ಅಕ್ಕ ಕೇಳಿದರು, "ಒಂದೆಲಗದ ತಂಬುಳಿ ತಿಂದ್ರೆ ಆ ಬೂಸ್ಟೂ ಹೊಟ್ಟೆಗೆ ಹೋಗ್ತಲ, ಎಂತ ಆಗ್ತು?" ಹೋಗುತ್ತದೆ. ನೀವು ತಿನ್ನುವ ಎಲ್ಲ ಹಸಿ ಸೊಪ್ಪಿನ ಜೊತೆಗೂ ಹೋಗುತ್ತದೆ, ಏನೂ ಆಗುವುದಿಲ್ಲ. ಅದರ ವಸ್ತು ಎಲೆಯಲ್ಲಿ ಇರುವುದು ಎಷ್ಟು ಕಡಿಮೆ ಅಂದರೆ ಔಷಧಿಯೂ ಆಗುವುದಿಲ್ಲ, ವಿಷವೂ ಆಗುವುದಿಲ್ಲ. ತಂಬುಳಿಯನ್ನು ರುಚಿಗೆ ತಿನ್ನಿ.

ಹಿಂದಿನ ಸಾಲಿನ ಹುಡುಗನೊಬ್ಬ, "ನಮ್ಮ ಬೆಟ್ಟದ ಎಲೆಯಿಂದ ಕಂಪನಿಯವರು ಔಷಧಿ ಮಾಡಿದ್ರೆ ನಮಗೇನು ಸಿಗುತ್ತೆ ಸರ್?" ಅಂದ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಲಾಭದಲ್ಲಿ ಊರಿಗೂ ಪಾಲು ಕೊಡಬೇಕು ಅನ್ನುತ್ತದೆ. ಶಿಲೀಂಧ್ರವೂ ಅದರಡಿ ಬರುತ್ತದೆ. ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತಲೂ ಇದೆ. ನಿಮ್ಮ ಪಂಚಾಯ್ತಿಯದ್ದರಲ್ಲಿ ಯಾರ್‍ಯಾರು ಇದ್ದಾರೆ ಗೊತ್ತಾ ಅಂತ ಕೇಳಿದೆ. ಸಭೆಯಲ್ಲಿ ಇಬ್ಬರು ಪಂಚಾಯ್ತಿ ಸದಸ್ಯರಿದ್ದರು, ಅವರೂ ನಕ್ಕರು.

ಅಷ್ಟರಲ್ಲಿ ತಟ್ಟೆ ಎಲ್ಲರ ಕೈ ದಾಟಿ ವಾಪಸ್ ಬಂತು. ಆ ಅಕ್ಕನೇ ಅದನ್ನು ನನ್ನ ಕೈಗೆ ಕೊಡುತ್ತಾ, ಇದನ್ನು ಇನ್ನು ಎಂತ ಮಾಡ್ತೆ ಅಂದರು. ಅರಿಶಿನದ್ದರಿಂದ ಸೂಜಿಮೊನೆಯಷ್ಟು ತೆಗೆದು ಬೇರೆ ತಟ್ಟೆಗೆ, ಈ ಸಲ ಕ್ಲೋರಂಫೆನಿಕಾಲ್ ಇಲ್ಲದ್ದಕ್ಕೆ, ದಾಟಿಸುತ್ತೇನೆ ಅಂದೆ. ಉಳಿದದ್ದನ್ನು ಹಾಗೇ ಹೊರಗೆ ಎಸೆಯುವಂತಿಲ್ಲ, ಲ್ಯಾಬಿನ ಆಟೊಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿಯೇ ಬಿಸಾಕಬೇಕು.

"ಆಟೊಕ್ಲೇವ್ ಅಂದ್ರೆ?"

"ದೊಡ್ಡ ಪ್ರೆಶರ್ ಕುಕ್ಕರ್ ಅಕ್ಕ, ಅಷ್ಟೇ."

"ಓ, ಹಂಗಾರೆ ಎಷ್ಟು ಕೂಗು?"